‘ಸೆಟ್’ ಮತ್ತು ‘ರನ್’: ಅರ್ಥ ಯಾವುದಕ್ಕೆ ಹೆಚ್ಚು?

ಪ್ರಶ್ನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ‘ಸೆಟ್’ ಎಂದು ಮಗಳ ಕ್ವಿಜ್ ಪುಸ್ತಕದಲ್ಲಿದೆ. ಮೊಬೈಲಿನಲ್ಲಿ ಹುಡುಕಿದರೆ ‘ರನ್’ ಎಂದು ಬರುತ್ತದೆ. ಯಾವುದು ಸರಿ? ಇಷ್ಟು ಚಿಕ್ಕ ಪದಗಳಿಗೆ ಅಷ್ಟೊಂದು ಅರ್ಥ ಬಂದದ್ದಾದರೂ ಹೇಗೆ?
— ಉಡುಪಿಯ ಓದುಗರೊಬ್ಬರು

ಉತ್ತರ: ಎರಡು ಉತ್ತರಗಳೂ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಿಂದಲೇ ಬಂದವು, ಬಂದ ಕಾಲ ಮಾತ್ರ ಬೇರೆ. 1989ರಲ್ಲಿ 20 ಸಂಪುಟಗಳಾಗಿ ಪ್ರಕಟವಾದ ಅದರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ದೀರ್ಘವಾದ ನಮೂದು ‘ಸೆಟ್’ ಎಂಬ ಕ್ರಿಯಾಪದದ್ದಾಗಿತ್ತು. ಅದರ 430 ಅರ್ಥಗಳನ್ನು ವಿವರಿಸಲು ಸುಮಾರು 60,000 ಪದಗಳು ಬೇಕಾದವು. ಕ್ವಿಜ್ ಪುಸ್ತಕಗಳು ಇಂದಿಗೂ ನೆಚ್ಚಿಕೊಂಡಿರುವುದು ಈ ಲೆಕ್ಕವನ್ನೇ. ಆಮೇಲೆ ಮೂರನೆಯ ಆವೃತ್ತಿಗಾಗಿ ನಮೂದುಗಳನ್ನು ಒಂದೊಂದಾಗಿ ಪರಿಷ್ಕರಿಸುತ್ತ ಬಂದಂತೆ ಮೊದಲ ಸ್ಥಾನವು 2000ದಲ್ಲಿ ‘ಮೇಕ್’ಗೆ, 2007ರಲ್ಲಿ ‘ಪುಟ್’ಗೆ, 2011ರಲ್ಲಿ ‘ರನ್’ಗೆ ಹೋಯಿತು. ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಲಾಗಿದೆ; ಅದನ್ನು ಪರಿಷ್ಕರಿಸಿದ ಪೀಟರ್ ಗಿಲಿವರ್ ಅವರಿಗೆ ಆ ಒಂದು ಪದದ ಕೆಲಸಕ್ಕೇ ಒಂಬತ್ತು ತಿಂಗಳು ಹಿಡಿಯಿತು.

ಆದುದರಿಂದ ಇಂದಿನ ಉತ್ತರ ‘ರನ್’. ಆದರೆ 430 ಮತ್ತು 645 ಒಂದೇ ಕಾಲದಲ್ಲಿ, ಒಂದೇ ಕ್ರಮದಲ್ಲಿ ಎಣಿಸಿದ ಸಂಖ್ಯೆಗಳಲ್ಲವಾದ್ದರಿಂದ ಅವನ್ನು ಪಕ್ಕಪಕ್ಕದಲ್ಲಿಟ್ಟು ಗೆಲುವು ಸೋಲು ನಿರ್ಣಯಿಸುವುದು ಅಷ್ಟು ನ್ಯಾಯವಲ್ಲ. ಇಸವಿಯನ್ನು ಹೇಳದೆ ಈ ಪ್ರಶ್ನೆ ಕೇಳುವ ಕ್ವಿಜ್ ಮಾಸ್ತರರು ಎರಡು ಉತ್ತರಗಳಿಗೂ ಅಂಕ ಕೊಡುವುದು ಒಳ್ಳೆಯದು. ಅಲ್ಲದೆ ಅರ್ಥಗಳ ಎಣಿಕೆಯೆಂಬುದು ತೆಂಗಿನಕಾಯಿ ಎಣಿಸಿದಷ್ಟು ಖಚಿತವಾದ ಕೆಲಸವೂ ಅಲ್ಲ. ಹೊಳೆ ಹರಿಯುವುದಕ್ಕೂ ಶೀತವಾದಾಗ ಮೂಗು ಸೋರುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಎನ್ನುತ್ತಾರೆ. ಇವು ಒಂದೇ ಅರ್ಥವೋ ಎರಡೋ ಎಂಬುದನ್ನು ನಿಘಂಟಿನ ಸಂಪಾದಕರೇ ತೀರ್ಮಾನಿಸಬೇಕು. ಕೂಡಿಸುವ ಸ್ವಭಾವದವರಾದರೆ ಸಂಖ್ಯೆ ಇಳಿಯುತ್ತದೆ, ಬಿಡಿಸುವವರಾದರೆ ಏರುತ್ತದೆ.

ಅರ್ಥಗಳು ಇಷ್ಟು ಬೆಳೆದದ್ದು ಹೇಗೆ ಎಂಬ ನಿಮ್ಮ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಸ್ವಾರಸ್ಯದ್ದಾಗಿ ತೋರುತ್ತದೆ. ಅದಕ್ಕೆ ಉತ್ತರದ ಒಂದು ಸುಳಿವು ನಮ್ಮ ವ್ಯಾಕರಣದಲ್ಲೇ ಇದೆ. ‘ಕೂರು’ ಎಂಬ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಕೂರಿಸು’ ಆಗುವ ಹಾಗೆ, ಹಳೆಯ ಇಂಗ್ಲಿಷಿನಲ್ಲಿ ಕುಳಿತುಕೊಳ್ಳುವುದಕ್ಕೆ ‘ಸಿಟ್ಟನ್’ ಎಂದೂ ಕೂರಿಸುವುದಕ್ಕೆ ‘ಸೆಟ್ಟನ್’ ಎಂದೂ ಎರಡು ರೂಪಗಳಿದ್ದವು. ಇಂದಿನ ‘ಸೆಟ್’ ಆ ‘ಕೂರಿಸು’ವಿನ ಸಂತತಿ. ಉಂಗುರದಲ್ಲಿ ಹರಳು ಕೂರಿಸುವುದು, ತಪ್ಪಿದ ಮೂಳೆಯನ್ನು ಕೂರಿಸುವುದು, ಗಡಿಯಾರದ ಮುಳ್ಳನ್ನು ಸರಿಯಾದ ಗಂಟೆಗೆ ತಂದು ನಿಲ್ಲಿಸುವುದು, ಬೆಲೆಯನ್ನೋ ದಿನವನ್ನೋ ನಿಗದಿಪಡಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವುದು, ಎಲ್ಲವೂ ಒಂದನ್ನು ಅದರ ಜಾಗದಲ್ಲಿ ನೆಲೆಗೊಳಿಸುವ ಕೆಲಸಗಳೇ. ತಾರಸಿಗೆ ಹಾಕಿದ ಕಾಂಕ್ರೀಟ್ ಗಟ್ಟಿಯಾಗುವುದೂ, ಮಲ್ಪೆಯಲ್ಲಿ ಸೂರ್ಯ ಕಂತುವುದೂ ‘ಸೆಟ್’ ಎನಿಸಿಕೊಳ್ಳುವಾಗ ಮಾತ್ರ ಕೂರಿಸುವವರು ಯಾರೂ ಕಾಣಿಸುವುದಿಲ್ಲ. ಅಲ್ಲಿ ಪದವು ತಾನಾಗಿ ಕುಳಿತುಕೊಳ್ಳುವ ಅರ್ಥಕ್ಕೆ ಮರಳಿದೆ.

ಹೋಟೆಲಿನ ಸೆಟ್ ದೋಸೆಯಲ್ಲೂ ಅಡಿಕೆ ತೋಟದ ಪಂಪ್‌ಸೆಟ್‌ನಲ್ಲೂ ಇರುವ ‘ಸೆಟ್’ನ ಕತೆಯೇ ಬೇರೆ. ಗುಂಪು, ಜೊತೆ ಎಂಬ ಅರ್ಥದ ಈ ನಾಮಪದವು ಲ್ಯಾಟಿನ್ನಿನ ‘ಸೆಕ್ಟ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು; ಪಂಥವನ್ನು ಹೇಳುವ ‘ಸೆಕ್ಟ್’ ಅದರ ದಾಯಾದಿ. ಉಚ್ಚಾರ ಒಂದೇ ಆದಾಗ ಕ್ರಿಯಾಪದದ ನೆರಳೂ ಅದರ ಮೇಲೆ ಬಿತ್ತು. ಹೀಗೆ ಬೇರೆ ಬೇರೆ ಬೇರಿನ ಪದಗಳು ಒಂದೇ ರೂಪಕ್ಕೆ ಬಂದು ನಿಲ್ಲುವುದು ಕನ್ನಡಕ್ಕೂ ಹೊಸತಲ್ಲ. ‘ಹಸುವನ್ನು ಕರೆದಳು’ ಎಂದರೆ ಕೂಗಿದಳೋ ಹಾಲು ಹಿಂಡಿದಳೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಹಳಗನ್ನಡದಲ್ಲಿ ಈ ಸಂದಿಗ್ಧವಿರಲಿಲ್ಲ, ಏಕೆಂದರೆ ಹಾಲು ಹಿಂಡುವ ಅರ್ಥದ ಪದವನ್ನು ಶಕಟರೇಫ ಹಾಕಿ ‘ಕಱೆ’ ಎಂದು ಬರೆಯುತ್ತಿದ್ದರು. ಆ ಅಕ್ಷರ ಬಳಕೆಯಿಂದ ಬಿದ್ದುಹೋದ ಮೇಲೆ ಎರಡೂ ಒಂದೇ ಆದವು. ಗೇರುಹಣ್ಣಿನ ರಸ ತಾಗಿ ಬಟ್ಟೆಗೆ ಆಗುವ ಕರೆಯೂ ಅವುಗಳ ಸಾಲಿಗೆ ಸೇರಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದರೆ, ರೂಪ ಒಂದೇ ಆದರೂ ಮೂಲ ಬೇರೆಯಾದ ಶಬ್ದಗಳಿಗೆ ಅಂಕೆ ಕೊಟ್ಟು ಪ್ರತ್ಯೇಕ ನಮೂದು ಮಾಡಿರುವುದು ಕಾಣುತ್ತದೆ.

‘ರನ್’ ವಿಷಯದಲ್ಲಿ ನಡೆದದ್ದೂ ಇಂಥದೇ ಒಂದು ವಿಲೀನ. ಓಡುವುದಕ್ಕೊಂದು, ಓಡಿಸುವುದಕ್ಕೊಂದು ಎಂಬಂತೆ ಹಳೆಯ ಇಂಗ್ಲಿಷಿನಲ್ಲಿದ್ದ ಎರಡು ಕ್ರಿಯಾಪದಗಳು ಕಾಲಕ್ರಮದಲ್ಲಿ ಬೆರೆತು ಒಂದಾದವು. ನಮಗೆ ‘ಓಡು’, ‘ಓಡಿಸು’ ಎಂದು ಎರಡು ಪದ ಬೇಕಾದಲ್ಲಿ ಇಂಗ್ಲಿಷಿಗೆ ಒಂದೇ ಸಾಕು. ಅರ್ಥದ ಪಟ್ಟಿ ಅಲ್ಲಿಗೇ ಇಮ್ಮಡಿಯಾಗುತ್ತದೆ. ಮುಂದೆ ಯಂತ್ರಗಳು ಬಂದಾಗ, ಆಮೇಲೆ ಕಂಪ್ಯೂಟರ್ ಬಂದಾಗ, ಚಾಲನೆಯಲ್ಲಿರುವುದಕ್ಕೆಲ್ಲ ‘ರನ್’ ಎಂದೇ ಹೆಸರಾಯಿತು. ಹಳೆಯ ಬೈಕಿನ ಜಾಹೀರಾತಿನಲ್ಲಿ ‘ರನ್ನಿಂಗ್ ಕಂಡೀಶನ್’ ಎಂದು ನಾವು ಬರೆಯುವುದೂ ಈ ಅರ್ಥದಲ್ಲೇ.

ಇಂಗ್ಲಿಷಿನ ಈ ಓಟಕ್ಕೆಲ್ಲ ಕನ್ನಡ ಒಪ್ಪುವುದಿಲ್ಲ. ಮಂಗಳೂರು–ಉಡುಪಿ ನಡುವೆ ಬಸ್ಸು ಎರಡು ಭಾಷೆಗಳಲ್ಲೂ ಓಡುತ್ತದೆ, ಸರಿ. ಹೋಟೆಲನ್ನು, ಶಾಲೆಯನ್ನು, ಯಕ್ಷಗಾನ ಮೇಳವನ್ನು ಇಂಗ್ಲಿಷಿನವರು ಓಡಿಸಿದರೆ ನಾವು ನಡೆಸುತ್ತೇವೆ. ನಳ್ಳಿಯ ನೀರನ್ನು ಬಿಡುತ್ತೇವೆ. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟನ್ನಿನವರು ನಿಲ್ಲುತ್ತಾರೆ, ನಮ್ಮ ಅಭ್ಯರ್ಥಿಗಳೂ ನಿಲ್ಲುವವರೇ. ಇದಲ್ಲದೆ ‘ಅಪ್’, ‘ಔಟ್’, ‘ಆಫ್’, ‘ಇನ್‌ಟು’ ಮುಂತಾದ ಪುಟ್ಟ ಪದಗಳು ಬೆನ್ನಿಗೆ ಬಿದ್ದಾಗ ಹುಟ್ಟುವ ಅರ್ಥಗಳಿವೆ. ‘ಸೆಟ್ ಆಫ್’ ಎಂದರೆ ಹೊರಡುವುದು, ‘ರನ್ ಔಟ್’ ಎಂದರೆ ಮುಗಿದುಹೋಗುವುದು. ನಿಘಂಟಿನ ದೀರ್ಘ ನಮೂದುಗಳಲ್ಲಿ ಬಹಳಷ್ಟು ಜಾಗ ಇವುಗಳಿಗೇ ಬೇಕಾಗುತ್ತದೆ. ಮಗಳು ಇಂಗ್ಲಿಷ್ ಕಲಿಯುವಾಗ 645 ಅರ್ಥಗಳನ್ನು ಉರುಹೊಡೆಯುವ ಬದಲು ಈ ಜೋಡಿಗಳನ್ನು ವಾಕ್ಯಸಮೇತ ಗಮನಿಸಿದರೆ ಸಾಕು.

ಕನ್ನಡದಲ್ಲಿ ಇಂಥ ಪದ ಯಾವುದೆಂದು ಆಕೆ ಕೇಳಿದರೆ, ‘ಹಿಡಿ’ಯಿಂದ ತೊಡಗಲು ಹೇಳಿ. ಮೀನು ಹಿಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಆಷಾಢದಲ್ಲಿ ಮಳೆ ಹಿಡಿಯುತ್ತದೆ, ಕೊಡಪಾನ ಇಷ್ಟು ನೀರು ಹಿಡಿಯುತ್ತದೆ, ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಕತ್ತಿಗೆ ಹಿಡಿಯಿದೆ, ಅಕ್ಕಿ ಒಂದು ಹಿಡಿಯಿದೆ, ಅಂಗಳ ಗುಡಿಸಲು ಹಿಡಿಸೂಡಿಯೂ ಇದೆ. ಆದರೆ ಮನಸ್ಸಿಗೆ ಒಪ್ಪುವ ಅರ್ಥದ ‘ಹಿಡಿಸು’ ಮಾತ್ರ ‘ಇಸು’ ಪ್ರತ್ಯಯದ ದೆಸೆಯಿಂದ ಬೇರೆ ರೂಪವಾಗಿ ನಿಲ್ಲುವುದರಿಂದ, ಅದನ್ನು ‘ಹಿಡಿ’ಯ ಲೆಕ್ಕಕ್ಕೇ ಸೇರಿಸಬೇಕೇ ಬೇಡವೇ ಎಂಬುದನ್ನು ಎಣಿಕೆಗೆ ಕೂರುವ ಮೊದಲೇ ಆಕೆ ನಿರ್ಧರಿಸಿಕೊಳ್ಳಬೇಕಾಗುತ್ತದೆ.