ಭೇಟಿ ಹಕ್ಕು: ವಿಚ್ಛೇದನದ ನಂತರವೂ ಮಗುವಿಗೆ ಉಳಿಯಬೇಕಾದ ನಂಟು

ವಿಚ್ಛೇದನದ ನಂತರ ಮಗು ಯಾರ ಸುಪರ್ದಿಯಲ್ಲಿ ಇರುವುದಿಲ್ಲವೋ ಆ ತಂದೆ ಅಥವಾ ತಾಯಿ, ನ್ಯಾಯಾಲಯ ಗೊತ್ತುಪಡಿಸಿದ ದಿನ ಮತ್ತು ಸ್ಥಳದಲ್ಲಿ ಮಗುವನ್ನು ಕಂಡು, ಅದರೊಡನೆ ಕಾಲ ಕಳೆಯುವ ಅವಕಾಶಕ್ಕೆ ‘ಭೇಟಿ ಹಕ್ಕು’ ಎನ್ನುತ್ತಾರೆ. ಸುಪರ್ದಿ ದಿನನಿತ್ಯದ ಪಾಲನೆಗೆ ಸಂಬಂಧಿಸಿದ್ದು. ಅದು ಒಬ್ಬರಿಗೆ ದೊರೆತ ಮಾತ್ರಕ್ಕೆ ಇನ್ನೊಬ್ಬರು ಮಗುವಿಗೆ ಹೊರಗಿನವರಾಗುವುದಿಲ್ಲ.

ಈ ಹಕ್ಕನ್ನು ಗೆದ್ದವರು ಸೋತವರಿಗೆ ತೋರುವ ಔದಾರ್ಯವೆಂದು ಭಾವಿಸುವ ಕುಟುಂಬಗಳು ಇಂದಿಗೂ ಇವೆ. ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದ ತೀರ್ಪಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರ ನೀಡಿದೆ: ತಂದೆ ತಾಯಿ ಇಬ್ಬರ ಪ್ರೀತಿ, ಒಡನಾಟ ಮತ್ತು ರಕ್ಷಣೆ ಪಡೆಯುವುದು ಮಗುವಿನ ಮೂಲಭೂತ ಮಾನವ ಹಕ್ಕು. ವಿಶೇಷ ಕಾರಣಗಳಿಲ್ಲದಿದ್ದರೆ, ಸುಪರ್ದಿ ಸಿಗದವರು ದಿನವೂ 5ರಿಂದ 10 ನಿಮಿಷ ಮಗುವಿನೊಡನೆ ಮಾತನಾಡುವಂತಿರಬೇಕು, ಅದಕ್ಕೆ ವಿಡಿಯೊ ಕರೆಯೇ ಉತ್ತಮ ಎಂದೂ ಅದು ಹೇಳಿತು. ತಂದೆ ಬೆಂಗಳೂರಿನಲ್ಲಿ, ತಾಯಿ ಮತ್ತು ಮಗು ಹೊರದೇಶದಲ್ಲಿ ಇರುವಂಥ ಸಂಸಾರಗಳಿಗೆ ಇದು ಬಹಳ ದೊಡ್ಡ ಆಸರೆ.

ಕರ್ನಾಟಕ ಹೈಕೋರ್ಟ್ 2013ರ ಒಂದು ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ ಜಂಟಿ ಸುಪರ್ದಿಯನ್ನೇ ನೀಡಿತು. ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಬೇಕು; ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರಗಳಲ್ಲಿ ಇನ್ನೊಬ್ಬರು ಭೇಟಿಯಾಗಬಹುದು; ಓದಿನ ಖರ್ಚು ಇಬ್ಬರಿಗೂ ಸಮ. ಎಲ್ಲ ಮಕ್ಕಳಿಗೂ ಈ ಏರ್ಪಾಟು ಒಗ್ಗುತ್ತದೆಂದು ಹೇಳಲಾಗದು. ಎರಡು ಮನೆಗಳೂ ಒಂದೇ ಶಾಲೆಯ ಸಮೀಪ ಇರಬೇಕಾಗುತ್ತದೆ.

ಆದರೆ ಆದೇಶ ಎಷ್ಟೇ ಚೆನ್ನಾಗಿದ್ದರೂ ಅದು ನಡೆಯುವುದು ಮನೆಯವರ ನಡವಳಿಕೆಯ ಮೇಲೆ. ಭಾನುವಾರ ಸಂಜೆ ಅಪ್ಪನ ಮನೆಯಿಂದ ಮರಳಿದ ಮಗುವನ್ನು ‘ಅಲ್ಲಿ ಯಾರ್ಯಾರಿದ್ದರು, ನಮ್ಮ ಬಗ್ಗೆ ಏನಂದರು’ ಎಂದು ಅಜ್ಜಿ ಕೇಳತೊಡಗಿದರೆ, ಮುಂದಿನ ವಾರ ಹೊರಡುವಾಗಲೇ ಅದಕ್ಕೆ ಹೊಟ್ಟೆನೋವು ಬರುತ್ತದೆ. ಅದೇ ಅಜ್ಜಿ ‘ಊಟ ಆಯ್ತೇನಪ್ಪ, ಹೋಂವರ್ಕ್ ಇದೆಯೇ’ ಎಂದಷ್ಟೇ ವಿಚಾರಿಸಿ ಸುಮ್ಮನಾದರೆ, ಎರಡೂ ಮನೆ ತನ್ನದೇ ಎಂಬ ಧೈರ್ಯ ಮಗುವಿಗೆ ಉಳಿಯುತ್ತದೆ. ಅಜ್ಜ, ಅಜ್ಜಿ, ಸೋದರಮಾವ, ಅತ್ತೆಯಂದಿರು ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ, ಮಗುವಿನ ಎದುರು ಅದರ ತಂದೆಯನ್ನಾಗಲಿ ತಾಯಿಯನ್ನಾಗಲಿ ಹಳಿಯದಿರುವುದು ಎಂಬುದು ನನ್ನ ದೃಢವಾದ ನಂಬಿಕೆ. ಜೀವನಾಂಶ ಯಾವಾಗ ಕೊಡುತ್ತಾರೆಂದು ಮಗುವಿನ ಬಾಯಲ್ಲಿ ಕೇಳಿಸುವುದಂತೂ ಕೂಡದು.

ಹಿಂಸೆ ಅಥವಾ ಕುಡಿತದ ಚಟ ಇರುವಲ್ಲಿ ಮಾತು ಬೇರೆ. ಅಲ್ಲಿ ಮಗುವಿನ ಸುರಕ್ಷತೆಯೇ ಮೊದಲು. ನ್ಯಾಯಾಲಯ ಮೂರನೆಯವರ ಸಮ್ಮುಖದಲ್ಲಿ ಮಾತ್ರ ಭೇಟಿಗೆ ಅವಕಾಶ ಕೊಡಬಹುದು ಅಥವಾ ಭೇಟಿಯನ್ನೇ ನಿಲ್ಲಿಸಬಹುದು.

ಇಂಥ ಆದೇಶಗಳು ಶಾಶ್ವತವೂ ಅಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಸೆಕ್ಷನ್ ಪ್ರಕಾರ, ಸಾಧ್ಯವಾದಷ್ಟೂ ಮಕ್ಕಳ ಇಚ್ಛೆಗೆ ಹೊಂದುವಂತೆ ಅವುಗಳನ್ನು ಕಾಲಕಾಲಕ್ಕೆ ಬದಲಿಸಬಹುದು. ನಾಲ್ಕು ವರ್ಷದ ಮಗುವಿಗೆ ಹೊಂದಿದ ವೇಳಾಪಟ್ಟಿ ಎಸ್ಸೆಸ್ಸೆಲ್ಸಿ ಓದುವವರಿಗೆ ಹೊಂದಲಾರದು. ಆಗ ತಾವೇ ಭೇಟಿಯನ್ನು ತಪ್ಪಿಸುವ ಬದಲು, ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಮಾರ್ಪಾಡು ಕೇಳಬೇಕು. ಜೀವನಾಂಶ ಬಾಕಿ ಇದ್ದರೆ ಅದರ ವಸೂಲಿಗೂ ಪ್ರತ್ಯೇಕ ಅರ್ಜಿಯ ದಾರಿ ಇದೆ.