ಪಿಕೊ-8 ಆಟದಲ್ಲಿ ಸಾಲುಗಳು ಯಾಕೆ ಅಂಟಿಕೊಂಡು ಕಾಣುತ್ತವೆ?

ಪ್ರಶ್ನೆ: ನಾನು ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಚಿಕ್ಕ ಆಟಗಳನ್ನು ತಯಾರಿಸುವ ಪಿಕೊ-8 ಎಂಬ ತಂತ್ರಾಂಶದಲ್ಲಿ ಕಾಫಿ ಹಣ್ಣು ಕುಯ್ಯುವ ಚಿಕ್ಕ ಆಟ ಮಾಡುತ್ತಿದ್ದೇನೆ. ಮಾತುಕತೆಯ ಮೂರು ಸಾಲು ತೋರಿಸಿದರೆ ಒಂದಕ್ಕೊಂದು ಅಂಟಿಕೊಂಡ ಹಾಗಿರುತ್ತವೆ. ಸಾಲುಗಳ ನಡುವೆ ಜಾಗ ಬಿಡೋದು ಹೇಗೆ?

ಉತ್ತರ: ಪಿಕೊ-8ರ ಪರದೆ ಅಗಲಕ್ಕೂ ಎತ್ತರಕ್ಕೂ ಬರೀ 128 ಪಿಕ್ಸೆಲ್. ಒಂದು ಅಕ್ಷರಕ್ಕೆ ಸಿಗುವುದು 4 ಪಿಕ್ಸೆಲ್ ಅಗಲ, 6 ಪಿಕ್ಸೆಲ್ ಎತ್ತರ. ಅದರಲ್ಲೂ ಅಕ್ಷರ 3 ಅಗಲ, 5 ಎತ್ತರಕ್ಕೇ ಮುಗಿಯುತ್ತದೆ. ಅಂದರೆ ಎರಡು ಸಾಲುಗಳ ನಡುವೆ ಒಂದೇ ಒಂದು ಪಿಕ್ಸೆಲ್ ಖಾಲಿ. ಅಂಟಿಕೊಂಡ ಹಾಗೆ ಕಾಣೋದು ಸಹಜ ಅಲ್ವಾ?

ಬರಹ ತೋರಿಸುವ ಪ್ರಿಂಟ್ ಆದೇಶಕ್ಕೆ ಬರಹದ ಜೊತೆ ಎಕ್ಸ್ (ಎಡದಿಂದ ಎಷ್ಟು ಪಿಕ್ಸೆಲ್), ವೈ (ಮೇಲಿನಿಂದ ಎಷ್ಟು ಪಿಕ್ಸೆಲ್) ಕೂಡ ನೀವೇ ಕೊಡಿ. ಮೊದಲ ಸಾಲಿಗೆ ವೈ 100, ಆಮೇಲೆ 108, ಆಮೇಲೆ 116. ಈ 8ನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡರೆ ನಾಳೆ 9 ಬೇಕೆನಿಸಿದಾಗ ಒಂದೇ ಕಡೆ ಬದಲಿಸಿದರೆ ಸಾಕು. ನನಗೆ 8 ಹಿಡಿಸುತ್ತದೆ. ಓದಲು ಹಾಯಾಗಿರುತ್ತದೆ, ಪರದೆಗೆ ಸರಿಯಾಗಿ 16 ಸಾಲು ಕೂರುತ್ತವೆ.

ಮೂರೂ ಸಾಲು ಒಂದೇ ಬರಹದ ತುಣುಕಿನಲ್ಲಿ, ಅಂದರೆ ಒಂದೇ ಸ್ಟ್ರಿಂಗ್‌ನಲ್ಲಿದ್ದರೆ ಅದರ ಶುರುವಿನಲ್ಲಿ ಬ್ಯಾಕ್‌ಸ್ಲ್ಯಾಷ್, ಟೋಪಿ ಗುರುತು (^), ಇಂಗ್ಲಿಷಿನ ಚಿಕ್ಕ ವೈ ಅಕ್ಷರ, 8 ಇಷ್ಟನ್ನೂ ಜಾಗ ಬಿಡದೆ ಬರೆಯಿರಿ. ಅಕ್ಷರದ ಎತ್ತರ 6ರ ಬದಲು 8 ಎಂದು ಲೆಕ್ಕವಾಗುತ್ತದೆ.

ಕ್ಯೂಬೇಸಿಕ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಕಲಿತು ಬಂದವರು ಒಂದು ಕಡೆ ಎಡವುತ್ತಾರೆ. ಅಲ್ಲಿ ಬರಹದ ಜಾಗ ಹೇಳುವ ಲೊಕೇಟ್‌ಗೆ ಮೊದಲು ಸಾಲು, ಆಮೇಲೆ ಕಾಲಂ. ಇಲ್ಲಿ ಅಡ್ಡದ ಲೆಕ್ಕ ಮೊದಲು.

ಇನ್ನೊಂದು ತೊಂದರೆಗೆ ನಾನೇ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಆಟ ಶುರುವಾದ ಕೂಡಲೇ ಸ್ಕೋರ್ ಸರಸರ ಕೆಳಗಿಳಿದು, ಪರದೆಯೇ ಮೇಲಕ್ಕೆ ಉರುಳುತ್ತಿತ್ತು. ಜಾಗ ಹೇಳದೆ ಸುಮ್ನೆ ಪ್ರಿಂಟ್ ಮಾಡಿದರೆ ಕರ್ಸರ್ (ಮುಂದಿನ ಬರಹ ಶುರುವಾಗುವ ಜಾಗ) ಪ್ರತಿ ಸಲವೂ ಒಂದು ಸಾಲು ಕೆಳಗಿಳಿಯುತ್ತದೆ. ಆಟ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಸಲ ಪರದೆಯ ಚಿತ್ರ ಬರೆಯುತ್ತದೆ. ಪ್ರತಿ ಸಲವೂ ಹೀಗಾದರೆ ಒಂದು ಸೆಕೆಂಡ್ ಮುಗಿಯುವ ಮೊದಲೇ ತಳ ಮುಟ್ಟಿರುತ್ತದೆ. ಪ್ರತಿ ಫ್ರೇಮ್‌ನ ಶುರುವಿನಲ್ಲಿ ಪರದೆ ಅಳಿಸುವ ಸಿಎಲ್‌ಎಸ್ ಹಾಕಿ. ಅದು ಕರ್ಸರನ್ನೂ ಮೇಲಿನ ಎಡಮೂಲೆಗೆ ಕಳಿಸುತ್ತದೆ.

ಊರಿನ ಹೆಸರನ್ನು ಪರದೆಯ ನಡುವೆ ಕೂರಿಸಲು 64ರಿಂದ ಅಕ್ಷರಗಳ ಸಂಖ್ಯೆಯ ಎರಡರಷ್ಟನ್ನು ಕಳೆಯಿರಿ. ಇಂಗ್ಲಿಷ್‌ನಲ್ಲಿ ಚಿಕ್ಕಮಗಳೂರು 14 ಅಕ್ಷರ, ಎಕ್ಸ್ 36. ಹಾಸನ 6 ಅಕ್ಷರ, ಎಕ್ಸ್ 52.

ಚಿಕ್ಕಮಗಳೂರು ಹೆಸರನ್ನೇ ಕನ್ನಡದಲ್ಲಿ ಬರೆದು ನೋಡಿ. ದಯವಿಟ್ಟು ಬರೆಯಿರಿ, ನಮ್ಮೂರಿನ ಆಟ ನಮ್ಮ ಲಿಪಿಯಲ್ಲಿ ಕಂಡರೆ ಆಗುವ ಖುಷಿಯೇ ಬೇರೆ. ಚಿ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕ್ಕ ಅಕ್ಷರಕ್ಕೆ ಕಾಲಡಿಯಲ್ಲಿ ಒತ್ತು. 5 ಪಿಕ್ಸೆಲ್ ಎತ್ತರದಲ್ಲಿ ಇವೆರಡೂ ಹಿಡಿಸುವುದಿಲ್ಲ. ನಾನು ಅಕ್ಷರಗಳನ್ನು 8 ಪಿಕ್ಸೆಲ್ ಎತ್ತರದ ಚಿಕ್ಕ ಚಿತ್ರಗಳಾಗಿ, ಅಂದರೆ ಸ್ಪ್ರೈಟ್‌ಗಳಾಗಿ ಬರೆದುಕೊಂಡೆ. ಒತ್ತುಗಳು ಬೇರೆ ಸ್ಪ್ರೈಟ್, 5 ಪಿಕ್ಸೆಲ್ ಎತ್ತರ. ಕೆಳಗೆ 1 ಖಾಲಿ. ಒಟ್ಟು 14. ಒತ್ತು ಇಲ್ಲದ ಸಾಲಿಗೂ 14ನ್ನೇ ಇಡಿ, ಇಲ್ಲದಿದ್ದರೆ ಸಾಲುಗಳು ಏರುಪೇರಾಗುತ್ತವೆ.

ನಿಮ್ಮ ಮೂರು ಸಾಲಿಗೆ ಆಗ 42 ಪಿಕ್ಸೆಲ್ ಬೇಕು. ಮೊದಲ ಸಾಲಿನ ವೈ 86 ಇರಲಿ, ಕಾಫಿ ಗಿಡಗಳೆಲ್ಲ ಅದರ ಮೇಲೆ ಬರಲಿ.