ಫೋನ್ ಅಡ್ಡ ತಿರುಗಿಸಿ ನೋಡಿದಿರಾ?

ಇದ್ದ ಕೆಲಸ ಬಿಟ್ಟು ಆ್ಯಪ್ ಡೆವಲಪರ್ ಆಗಬೇಕೆಂದು ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೋಟ್ಲಿನ್ ಕಲಿಯಲೋ, ಸ್ವಿಫ್ಟ್ ಕಲಿಯಲೋ, ಫ್ಲಟರ್ ಕಲಿಯಲೋ? ಎಲ್ಲವೂ ಆ್ಯಪ್ ಬರೆಯುವ ಭಾಷೆ, ಸಲಕರಣೆಗಳೇ; ಯಾವುದಾದರೂ ಒಂದು ಕಲಿಯಿರಿ. ಆಂಡ್ರಾಯ್ಡ್‌ಗೆ ಕೋಟ್ಲಿನ್ನೇ ಮೊದಲು ಎಂದು ಗೂಗಲ್ 2019ರಲ್ಲೇ ಹೇಳಿಯಾಗಿದೆ. ನನ್ನ ತಾಳ್ಮೆ ಕೆಡಿಸುವುದು ಬೇರೆ. ವಿಡಿಯೋ ನೋಡುತ್ತಾ ಜೊತೆಜೊತೆಗೆ ಟೈಪ್ ಮಾಡಿದ್ದನ್ನು ‘ನಾನು ಮಾಡಿದ ಆ್ಯಪ್’ ಎಂದು ತಂದು ತೋರಿಸುತ್ತಾರಲ್ಲ, ಅದು.

ವರ್ಷಗಟ್ಟಲೆ ಲೆಕ್ಕಪತ್ರ ನೋಡಿಕೊಂಡಿದ್ದವರೊಬ್ಬರು ಸಂದರ್ಶನಕ್ಕೆ ಬಂದಿದ್ದರು. ಖರ್ಚು ಬರೆದಿಡುವ ಆ್ಯಪ್. ನೋಡಲು ಬಲು ಚೆಂದ. ನಾನು ಮೊತ್ತದ ಜಾಗದಲ್ಲಿ 4850 ಎಂದು ಹೊಡೆದು, ಸೇವ್ ಒತ್ತದೆ, ಫೋನನ್ನು ಅಡ್ಡ ತಿರುಗಿಸಿದೆ. ಮೊತ್ತ ಮಾಯ. ಅವರು ಒಮ್ಮೆ ಫೋನನ್ನು, ಒಮ್ಮೆ ನನ್ನನ್ನು ನೋಡಿ, “ವಿಡಿಯೋದಲ್ಲಿ ಅವರು ತಿರುಗಿಸಿರಲಿಲ್ಲ ಸರ್” ಅಂದರು.

ಅದೇ ನೋಡಿ ವಿಷಯ. ಫೋನ್ ತಿರುಗಿಸಿದಾಗ ಆಂಡ್ರಾಯ್ಡ್, ನೀವು ಬೇರೇನೂ ಹೇಳದಿದ್ದರೆ, ಆ ಪರದೆಯ ಆ್ಯಕ್ಟಿವಿಟಿಯನ್ನು, ಎಂದರೆ ಅದನ್ನು ನಡೆಸುವ ಕೋಡಿನ ಭಾಗವನ್ನು, ಕೆಡವಿ ಹೊಸದಾಗಿ ಕಟ್ಟುತ್ತದೆ. ಪರದೆ ಕಟ್ಟುವ ಸಲಕರಣೆಯಾದ ಕಂಪೋಸ್‌ನಲ್ಲಿ ಬರೀ ‘ರಿಮೆಂಬರ್’ ಎಂದು ಬರೆದಿದ್ದರೆ ಹಳೆಯದರ ಜೊತೆ ಮೊತ್ತವೂ ಹೋಯಿತು. ‘ರಿಮೆಂಬರ್ ಸೇವಬಲ್’ ಎಂದಿದ್ದರೆ ಉಳಿಯುತ್ತಿತ್ತು. ಒಂದು ಪದದ ವ್ಯತ್ಯಾಸ. ಆದರೆ ಆ ಪದ ಏಕೆ ಬೇಕು ಎಂಬುದು ಮೊತ್ತ ಕಳೆದುಕೊಂಡವರಿಗಷ್ಟೇ ಹೊಳೆಯುತ್ತದೆ.

“ಪರದೆ ತಿರುಗದಂತೆ ಲಾಕ್ ಮಾಡಿದರಾಯಿತಲ್ಲ?” ಪ್ರತಿ ಸಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಬಳಕೆದಾರ ಫೋನಿನ ಭಾಷೆ ಬದಲಿಸಿದರೂ, ಡಾರ್ಕ್ ಮೋಡ್ ಹಾಕಿದರೂ ಇದೇ ಕತೆ. ಆಂಡ್ರಾಯ್ಡ್ 16ಕ್ಕೆಂದು ಸಿದ್ಧಪಡಿಸಿದ ಆ್ಯಪ್‌ಗಳಲ್ಲಂತೂ ದೊಡ್ಡ ಪರದೆಯ ಸಾಧನಗಳು ಸಾಮಾನ್ಯವಾಗಿ ಆ ಲಾಕಿಗೆ ಸೊಪ್ಪು ಹಾಕುವುದಿಲ್ಲ. ಇದಕ್ಕಿಂತ ಕೆಟ್ಟದ್ದೂ ಇದೆ. ಅರ್ಧ ಫಾರಂ ತುಂಬಿ, ಬಂದ ಕರೆಗೆ ಉತ್ತರಿಸಿ, ಕ್ಯಾಮೆರಾ ತೆರೆದು, ಹತ್ತು ನಿಮಿಷದ ಮೇಲೆ ಮರಳಿದರೆ, ಅಷ್ಟರಲ್ಲಿ ಮೆಮೊರಿ ಸಾಲದೆ ವ್ಯವಸ್ಥೆ ನಿಮ್ಮ ಆ್ಯಪ್‌ನ ಪ್ರಕ್ರಿಯೆಯನ್ನೇ, ಎಂದರೆ ಮೆಮೊರಿಯಲ್ಲಿ ಓಡುತ್ತಿದ್ದ ಆ್ಯಪನ್ನೇ, ಮುಗಿಸಿರಬಹುದು. ‘ವ್ಯೂಮಾಡೆಲ್ ಇದೆ, ಎಲ್ಲವನ್ನೂ ಅದು ಕಾಯುತ್ತದೆ’ ಎಂದು ನಂಬಿದವರು ಸಿಕ್ಕಿಬೀಳುವುದು ಇಲ್ಲೇ. ವ್ಯೂಮಾಡೆಲ್ ಎಂದರೆ ಪರದೆಯ ಮಾಹಿತಿಯನ್ನು ಆ್ಯಕ್ಟಿವಿಟಿಯಿಂದ ಬೇರೆಯಾಗಿ ಇಟ್ಟುಕೊಳ್ಳುವ ಭಾಗ. ತಿರುಗಿಸಿದರೆ ವ್ಯೂಮಾಡೆಲ್ ಉಳಿಯುತ್ತದೆ, ಪ್ರಕ್ರಿಯೆ ಸತ್ತರೆ ಅದೂ ಸಾಯುತ್ತದೆ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ‘ಡೋಂಟ್ ಕೀಪ್ ಆ್ಯಕ್ಟಿವಿಟೀಸ್’ ಎಂಬ ಸ್ವಿಚ್ ಇದೆ, ನೀವು ಪರದೆ ಬಿಟ್ಟ ಕೂಡಲೇ ಅದರ ಆ್ಯಕ್ಟಿವಿಟಿಯನ್ನು ಕೆಡವುತ್ತದೆ. ಅದನ್ನು ಒತ್ತಿ ಒಂದು ದಿನ ನಿಮ್ಮದೇ ಆ್ಯಪ್ ಬಳಸಿ ನೋಡಿ. ಪ್ರಕ್ರಿಯೆ ಸಾಯುವುದಕ್ಕೆ ಅದು ಪೂರ್ತಿ ಸಮನಲ್ಲ, ಆದರೂ ಬೆವರಿಳಿಸುತ್ತದೆ.

ವಿಡಿಯೋ ನೋಡಬೇಡಿ ಅನ್ನುತ್ತಿಲ್ಲ, ನಾನೂ ನೋಡುತ್ತೇನೆ. ನೋಡಿದ ಮರುದಿನ ಅದನ್ನು ಮುಚ್ಚಿಟ್ಟು, ಅದೇ ಪರದೆಯನ್ನು ಖಾಲಿ ಪ್ರಾಜೆಕ್ಟಿನಿಂದ ಕಟ್ಟಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಂದ ನಿಮ್ಮ ಪಾಠ ಶುರು. ಎಷ್ಟು ತಿಂಗಳಲ್ಲಿ ಕೆಲಸ ಸಿಗುತ್ತದೆ ಎಂದು ಕೇಳಬೇಡಿ, ನಾನು ಹೇಳಲಾರೆ. ಸಂಬಳ ಬರುವ ಕೆಲಸವನ್ನು ಈಗಲೇ ಬಿಡಿ ಎಂದು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಗೂಗಲ್ ಪ್ಲೇನಲ್ಲಿ ಈಗ ಹೊಸ ವೈಯಕ್ತಿಕ ಖಾತೆಯವರು ಆ್ಯಪ್ ಬಿಡುಗಡೆ ಮಾಡುವ ಮುನ್ನ ಕನಿಷ್ಠ 12 ಪರೀಕ್ಷಕರನ್ನು ಸತತ 14 ದಿನ ಹಿಡಿದಿಟ್ಟುಕೊಳ್ಳಬೇಕು. ಎಲ್ಲರೂ ಇದನ್ನು ಶಪಿಸುತ್ತಾರೆ. ನನಗೆ ಒಳಗೊಳಗೇ ಖುಷಿ, ಯಾಕೆಂದರೆ ಆ ಹನ್ನೆರಡು ಜನ ನಿಮ್ಮ ವಿಡಿಯೋ ನೋಡಿರುವುದಿಲ್ಲ.

ಆ ಲೆಕ್ಕಪತ್ರದವರು ಕೆಲವು ತಿಂಗಳ ಬಳಿಕ ಮತ್ತೆ ಬಂದರು. ಮೊತ್ತ ಈಗ ಹೋಗುತ್ತಿರಲಿಲ್ಲ. ಆ ಮಾತನ್ನೇ ಅವರು ಎತ್ತಲಿಲ್ಲ. ಪರೀಕ್ಷಕರೊಬ್ಬರು ಯಾವುದೋ ಮೆಸೇಜಿನಿಂದ ‘4,850’ ಎಂದು ಅಲ್ಪವಿರಾಮ ಸಮೇತ ಅಂಟಿಸಿದ್ದರಂತೆ, ಆ್ಯಪ್ ದಬಕ್ಕೆಂದು ಬಿದ್ದಿತ್ತು. “ಅಂಕಿಯಲ್ಲಿ ಕಾಮಾ ಇರುತ್ತೆ ಅಂತ ನನಗೆ ಗೊತ್ತಾಗಬಾರದಾ ಸರ್, ಇಷ್ಟು ವರ್ಷ ಅದನ್ನೇ ಬರೆದಿದ್ದೀನಿ!” ಎಂದು, ಆ್ಯಪ್ ಎಲ್ಲಿ ಬಿತ್ತೆಂದು ತೋರಿಸುವ ಕ್ರ್ಯಾಶ್ ಲಾಗ್ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟು ನಗುತ್ತಿದ್ದರು.